ಹಳಿ ಬೇರೆ, ನೀರು ಒಂದೇ

ಬೋಖುಮ್, ಜರ್ಮನಿ, 23 ಡಿಸೆಂಬರ್ 2023, ಶನಿವಾರ

ಬೆಂಗಳೂರಿನಿಂದ ಬಂದಿರುವ ಭಾವ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು; ಹಾಗಾಗಿ ಎಲ್ಲಿಗೆ ಕರೆದುಕೊಂಡು ಹೋದರೂ ಅವರ ಕಣ್ಣು ಮೊದಲು ನೆಲಕ್ಕೇ ಇಳಿಯುತ್ತದೆ. ಬೆಳಗ್ಗೆ ಜಿನುಗುಮಳೆಯಲ್ಲಿ 302ನೇ ನಂಬರಿನ ಟ್ರಾಮಿಗೆ ಕಾಯುತ್ತ ನಿಂತಿದ್ದಾಗ, "ಏನಮ್ಮಾ, ಇದು ಮೀಟರ್ ಗೇಜ್ ಅಲ್ಲವೇ? ನಿನ್ನೆ ಡಾರ್ಟ್ಮುಂಡ್‌ನಲ್ಲಿ ನೋಡಿದ್ದು ಇದಕ್ಕಿಂತ ಅಗಲವಾಗಿತ್ತಲ್ಲ" ಎಂದರು. ಆರು ವರ್ಷದಿಂದ ಇದೇ ಟ್ರಾಮಿನಲ್ಲಿ ಓಡಾಡುತ್ತಿರುವ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ಸಂಜೆ ಮನೆಗೆ ಬಂದು ಹುಡುಕಿದರೆ ಅವರು ಹೇಳಿದ್ದೇ ಸರಿ: ಬೋಖುಮ್, ಗೆಲ್ಸೆನ್‌ಕಿರ್ಶೆನ್, ಎಸ್ಸೆನ್ ಊರುಗಳ ಟ್ರಾಮ್ ಹಳಿಗಳ ನಡುವಿನ ಅಗಲ ಒಂದು ಮೀಟರ್, ಪೂರ್ವದ ಡಾರ್ಟ್ಮುಂಡ್ ಮತ್ತು ಪಶ್ಚಿಮದ ಡ್ಯೂಸ್‌ಬರ್ಗ್‌ಗಳದು 1,435 ಮಿ.ಮೀ. ಒಂದಕ್ಕೊಂದು ಅಂಟಿಕೊಂಡೇ ಬೆಳೆದ ಊರುಗಳು ಹಳಿಯ ಅಳತೆಯಲ್ಲೂ ಒಮ್ಮತಕ್ಕೆ ಬಂದಿಲ್ಲ.

ಶಾಲೆಯ ಭೂಗೋಳದಲ್ಲಿ ರೂರ್ ಪ್ರದೇಶವೆಂದರೆ ಕಲ್ಲಿದ್ದಲು, ಉಕ್ಕು ಎಂದು ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿ ಮುಗಿಸಿದ್ದೆವು. ಆ ಒಂದು ಸಾಲಿನೊಳಗೆ 53 ಊರುಗಳೂ ಸುಮಾರು 51 ಲಕ್ಷ ಜನರೂ ಇದ್ದಾರೆ. ಇಷ್ಟೂ ಜನಕ್ಕೆ ಒಬ್ಬ ಮೇಯರ್ ಇಲ್ಲ, ಒಂದು ನಗರಸಭೆಯಿಲ್ಲ. ದಾರಿಯಲ್ಲಿ ಸಿಗುವ ವಾಟೆನ್‌ಶೈಡ್ 1975ರಲ್ಲಿ ಬೋಖುಮ್‌ಗೆ ಸೇರಿಹೋದ ಊರು, ಆದರೆ ಅಲ್ಲಿನವರ ಸಿಟ್ಟು ಇನ್ನೂ ಇಳಿದಿಲ್ಲ. 2012ರಲ್ಲಿ ಹಳೆಯ ನಂಬರ್ ಪ್ಲೇಟಿಗೆ ಮತ್ತೆ ಅನುಮತಿ ದೊರೆತದ್ದೇ ತಡ, ಕಾರುಗಳ ಮೇಲೆ 'ವಾಟ್' ಅಕ್ಷರಗಳು ಮೊಳೆಯತೊಡಗಿದವು. ಗೆಲ್ಸೆನ್‌ಕಿರ್ಶೆನ್‌ನಲ್ಲಿ ಇಳಿದು 107ನೇ ಟ್ರಾಮ್ ಹತ್ತಿದೆವು. ಎಸ್ಸೆನ್ ಯಾವಾಗ ಶುರುವಾಯಿತೆಂದು ಭಾವ ಕೇಳಿದಾಗ ಅದು ಶುರುವಾಗಿ ಎರಡು ನಿಲ್ದಾಣ ಕಳೆದಿತ್ತು. ಒಂದೇ ಬಗೆಯ ಇಟ್ಟಿಗೆ ಮನೆಗಳ ಸಾಲು ಎಲ್ಲಿಯೂ ತುಂಡಾಗಿರಲಿಲ್ಲ.

ನಾವು ಹೊರಟಿದ್ದು ತ್ಸೋಲ್‌ವೆರೈನ್ ಗಣಿಗೆ. 1847ರಲ್ಲಿ ಶುರುವಾದ ಈ ಗಣಿಯ 12ನೇ ಬಾವಿಯಿಂದ 1932ರ ನಂತರ ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆ ಬರುತ್ತಿತ್ತು. ಅದು ನಿಂತದ್ದು 1986ರ ಡಿಸೆಂಬರ್ 23ರಂದು, ಅಂದರೆ ಮೂವತ್ತೇಳು ವರ್ಷದ ಹಿಂದೆ ಇದೇ ದಿನ. ಇವತ್ತು ವೈಕುಂಠ ಏಕಾದಶಿ ಬೇರೆ. "ಊರಿನಲ್ಲಿ ಎಲ್ಲರೂ ವೈಕುಂಠದ ಬಾಗಿಲು ನೋಡಲು ನಿಂತಿದ್ದಾರೆ, ನೀನು ನನಗೆ ಪಾತಾಳದ ಬಾಗಿಲು ತೋರಿಸುತ್ತಿದ್ದೀಯ" ಎಂದು ಭಾವ ನಕ್ಕರು. ಒಳಗೆ ಕಲ್ಲಿದ್ದಲು ಗಾಡಿಗಳು ಸುತ್ತುತ್ತಿದ್ದ ಸಭಾಂಗಣದಲ್ಲಿ ಉಳಿದವರೆಲ್ಲ ತಲೆಯೆತ್ತಿ ಉಕ್ಕಿನ ತೊಲೆಗಳನ್ನು ನೋಡುತ್ತಿದ್ದರೆ, ಇವರು ಮಂಡಿಯೂರಿ ಕುಳಿತು ನೆಲದ ಪುಟ್ಟ ಹಳಿಗಳ ನಡುವೆ ಗೇಣು ಹಾಕತೊಡಗಿದರು. ಮಾರ್ಗದರ್ಶಿಯಾಗಿ ಬಂದಿದ್ದ ಹಿರಿಯರು ಹಿಂದೆ ಗಣಿಯೊಳಗೆ ದುಡಿದವರಂತೆ. ಗದರಿಸುತ್ತಾರೇನೋ ಎಂದು ನಾನು ಹೆದರಿದರೆ ಅವರೂ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಹಳಿ ಕೂಡುವ ಜಾಗದಲ್ಲಿ ಗಾಡಿಯ ಚಕ್ರ ಹೇಗೆ ತಿರುಗುತ್ತಿತ್ತೆಂದು ಬೆರಳಿನಿಂದ ಗೀಚಿ ತೋರಿಸಿದರು. ಇಬ್ಬರಿಗೂ ದುಭಾಷಿ ಬೇಕಾಗಲಿಲ್ಲ.

ನೀರಿನ ವಿಷಯಕ್ಕೆ ಬಂದಾಗ ಮಾತ್ರ ನಾನು ನಡುವೆ ನಿಂತು ಹೇಳಬೇಕಾಯಿತು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬಗೆದು ತೆಗೆದದ್ದರಿಂದ ಮೇಲಿನ ನೆಲ ಕುಸಿದಿದೆ, ಎಸ್ಸೆನ್‌ನ ಕೆಲವು ಕಡೆ ಇಪ್ಪತ್ತು ಮೀಟರಿಗೂ ಮಿಕ್ಕಿ. ಹೀಗೆ ತಗ್ಗಿದ ಜಾಗಗಳಿಂದ ಮಳೆನೀರು ತಾನಾಗಿ ನದಿಗೆ ಹರಿಯಲಾರದು. ಪಂಪುಗಳು ಅದನ್ನು ಹಗಲೂ ರಾತ್ರಿ ಎತ್ತಿ ಹಾಕದಿದ್ದರೆ ಈ ಪ್ರದೇಶದ ಸುಮಾರು ಐದನೇ ಒಂದು ಭಾಗ ಕೆರೆಯಾಗುತ್ತದೆ. ಇದಲ್ಲದೆ ಹಳೆಯ ಸುರಂಗಗಳಲ್ಲಿ ತುಂಬುವ ಉಪ್ಪುನೀರು ಮೇಲೇರಿ ಕುಡಿಯುವ ನೀರಿಗೆ ಬೆರೆಯದಂತೆ ತಡೆಯಲು ಬೇರೆ ಪಂಪುಗಳಿವೆ. ಬೋಟ್ರೋಪ್‌ನಲ್ಲಿದ್ದ, ಈ ಪ್ರದೇಶದ ಕೊನೆಯ ಗಣಿ 2018ರ ಡಿಸೆಂಬರಿನಲ್ಲಿ ಮುಚ್ಚಿತು, ಪಂಪಿಗೆ ಮಾತ್ರ ನಿವೃತ್ತಿಯಿಲ್ಲ. ಇದಕ್ಕೆ ತಗಲುವ ಹಣವನ್ನು ಇಲ್ಲಿಯವರು 'ಅನಂತಕಾಲದ ಖರ್ಚು' ಎಂದೇ ಕರೆಯುತ್ತಾರೆ. ಲೆಕ್ಕಪತ್ರದ ಮಾತಿಗೆ ಪುರಾಣದ ಹೆಸರು. "ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ?" ಎಂಬುದು ಭಾವನ ಮೊದಲ ಪ್ರಶ್ನೆ. ಈ ಖರ್ಚಿಗೆಂದು 2007ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿ, ಅದಕ್ಕೆ ರಾಸಾಯನಿಕ ಕಂಪನಿಯ ಷೇರುಗಳನ್ನು ಕೊಟ್ಟಿದ್ದಾರೆಂದು ಹೇಳಿದೆ.

ಹಳಿಯಲ್ಲಿ ಕೂಡದ ಈ ಊರುಗಳು ಕೂಡಿದ್ದರೆ ಅದು ನೀರಿನಲ್ಲೇ, ಅದೂ ಕೊಳಚೆನೀರಿನಲ್ಲಿ, ಎಂಬುದು ನನಗೆ ಹೊಳೆದದ್ದು ಆಮೇಲೆ. ನೆಲ ಕುಸಿಯುತ್ತಿದ್ದುದರಿಂದ ಒಳಚರಂಡಿಯ ಪೈಪು ಹೂಳಿದರೆ ಒಡೆಯುತ್ತಿತ್ತು. ಹಾಗಾಗಿ ಎಂಷರ್ ನದಿಯನ್ನೇ ಕಾಂಕ್ರೀಟಿನ ತೆರೆದ ಚರಂಡಿ ಮಾಡಿಬಿಟ್ಟರು. ಮೇಲಿನ ಊರಿನ ಹೊಲಸು ಕೆಳಗಿನ ಊರಿಗೆ ಬರುವುದರಿಂದ ಯಾರೊಬ್ಬರೂ ಒಂಟಿಯಾಗಿ ಏನೂ ಮಾಡುವಂತಿರಲಿಲ್ಲ, ಈ ಕೆಲಸಕ್ಕೆಂದೇ 1899ರಲ್ಲಿ ಎಲ್ಲರೂ ಸೇರಿ ಒಂದು ಸಹಕಾರ ಸಂಘ ಕಟ್ಟಿದರು. ಅದೇ ಸಂಘ 1992ರಿಂದ ಸುಮಾರು 550 ಕೋಟಿ ಯೂರೋ ಸುರಿದು, 51 ಕಿ.ಮೀ. ಉದ್ದದ ಕೊಳಚೆ ಕಾಲುವೆಯನ್ನು ನೆಲದಡಿ ಹಾಯಿಸಿ, 2021ರ ಕೊನೆಗೆ ನದಿಯನ್ನು ಮತ್ತೆ ನದಿಯಾಗಿಸಿತು.

ಹಿಂತಿರುಗುವಾಗ ಮಳೆ ಜೋರಾಯಿತು. ಏಕಾದಶಿಯಾದ್ದರಿಂದ ಭಾವನಿಗೆ ಎರಡು ಬಾಳೆಹಣ್ಣು ಮತ್ತು ಹಾಲು. ನಾಳೆ ಪಾರಣೆಗೆ ಬೆಳಗ್ಗೆ ಬೇಗ ಏಳಬೇಕು. ಈಗ ಪಕ್ಕದ ಕೋಣೆಯಲ್ಲಿ ಅಕ್ಕನ ಜೊತೆ ಫೋನಿನಲ್ಲಿದ್ದಾರೆ. ಗಣಿಯ ಸುದ್ದಿ ಎರಡು ನಿಮಿಷಕ್ಕೆ ಮುಗಿಯಿತು, ಅರ್ಧ ಗಂಟೆಯಿಂದ ಮೀಟರ್ ಗೇಜಿನದೇ ನಡೆದಿದೆ.