ಮಕ್ಕಳಿಗೆ ‘ಅದನ್ನೆಲ್ಲ’ ಯಾವಾಗ ಹೇಳೋದು?

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಯಾವ ಸಮಾರಂಭಕ್ಕೆ ಹೋದರೂ ಊಟದ ಹೊತ್ತಿಗೆ ಒಬ್ಬರಾದರೂ ದನಿ ತಗ್ಗಿಸಿ ಕೇಳುತ್ತಾರೆ: ‘ಟೀಚರ್, ಮಕ್ಕಳಿಗೆ ಅದನ್ನೆಲ್ಲ ಯಾವ ವಯಸ್ಸಿಗೆ ಹೇಳೋದು?’ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಅದಕ್ಕೆ. ಅದನ್ನೆಲ್ಲ ಅಂದರೆ ಮಗು ಎಲ್ಲಿಂದ ಬರುತ್ತದೆ ಅನ್ನೋದು. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮಗು ಕೇಳಿದ ದಿನ ಹೇಳಿ. ಮುಹೂರ್ತ ನೋಡಲು ಇದೇನು ಉಪನಯನವಲ್ಲ.

3 ವರ್ಷದ ಮಗುವಿಗೆ ‘ಅಮ್ಮನ ಹೊಟ್ಟೆಯೊಳಗೆ ಗರ್ಭಕೋಶ ಅಂತ ಇದೆ, ಅಲ್ಲಿ ಬೆಳೆದೆ’ ಅಂದರೆ ಸಾಕು, ಆಟಕ್ಕೆ ಓಡುತ್ತದೆ. ಹೊರಗೆ ಹೇಗೆ ಬಂದೆ ಅಂದರೆ, ಅದಕ್ಕೊಂದು ದಾರಿ ಇದೆ, ಕೆಲವು ಸಲ ಡಾಕ್ಟರು ಹೊಟ್ಟೆ ಕೊಯ್ದು ತೆಗೆಯುತ್ತಾರೆ ಅನ್ನಿ. ಒಳಗೆ ಹೇಗೆ ಹೋದೆ ಅನ್ನೋದನ್ನು 8–9 ವರ್ಷವಾದರೂ ಕೇಳದಿದ್ದರೆ ನೀವೇ ಶುರು ಮಾಡಿ. ಎಷ್ಟೋ ಹುಡುಗಿಯರಿಗೆ 10–11ಕ್ಕೇ ಮುಟ್ಟು ಬರುತ್ತದೆ. ಪುಸ್ತಕ ಹೇಳಲಿ ಅಂತ ಕಾದರೆ ಮಹಾರಾಷ್ಟ್ರ ಬೋರ್ಡಿನಲ್ಲಿ ಆ ಪಾಠ ಬರುವುದು 10ನೇ ತರಗತಿಗೆ. ಸರ್ಕಾರವನ್ನಂತೂ ನಂಬಬೇಡಿ. 2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತ ಮಹಾರಾಷ್ಟ್ರ ಹೇಳಿತು, ಅದೇ ವರ್ಷ ಕರ್ನಾಟಕವೂ ಹೇಳಿತು. ಬೆಳಗಾವಿ ವಿಷಯದಲ್ಲಿ ಒಪ್ಪದವರು ಇದರಲ್ಲಿ ಮಾತ್ರ ಒಪ್ಪಿದರು.

ನನಗೆ ಸಿಟ್ಟು ಬರುವುದು ಯಾಕೆ ಅಂದರೆ, ಕೇಳುವವರ ಮಕ್ಕಳು ಆಗಲೇ ಕೇಳಿ ಮುಗಿಸಿರುತ್ತಾರೆ. ಈಚೆಗೆ ಒಂದು ಸೀಮಂತಕ್ಕೆ ಹೋಗಿದ್ದೆ. ಬಸುರಿ ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. 5 ವರ್ಷದ ಪೋರನೊಬ್ಬ ಅವಳ ಹೊಟ್ಟೆಗೆ ಕಿವಿಯಿಟ್ಟು, ‘ಪಾಪು ಒಳಗೆ ಹೇಗೆ ಹೋಯ್ತು?’ ಅಂತ ಜೋರಾಗಿ ಕೇಳಿದ.

ಅವನ ಅಜ್ಜಿ, ‘ಪಾಪೂನ ತೌಡು ಕೊಟ್ಟು ತರೋದು ಕಣೋ. ನಿನ್ನನ್ನೂ ಹಾಗೇ ತಂದಿದ್ದು’ ಅಂದರು.

‘ತೌಡು ಅಂದ್ರೇನು ಅಜ್ಜಿ?’

‘ಹಸುಗೆ ಹಾಕ್ತಾರಲ್ಲ, ಅದು.’

‘ಡಿಮಾರ್ಟಲ್ಲಿ ಸಿಗುತ್ತಾ?’

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಹುಡುಗ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡ. ಅವನಮ್ಮ ಬಾಯಿಗೊಂದು ಚಿರೋಟಿ ತುರುಕಿದರು. ಹತ್ತು ನಿಮಿಷಕ್ಕೆ ಅದೇ ಅಮ್ಮ ನನ್ನ ಹತ್ತಿರ: ‘ಟೀಚರ್, ಇವನಿಗೆ ಯಾವ ವಯಸ್ಸಿಗೆ...’

ಅವನು ಆ ಹೊತ್ತಿಗೆ ಕಲಿಯಬೇಕಾದ್ದನ್ನು ಕಲಿತಾಗಿತ್ತು. ಇದನ್ನು ಕೇಳಿದರೆ ದೊಡ್ಡವರು ನಗುತ್ತಾರೆ. ನಾಳೆ ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಈ ಮಗು ಯಾರ ಹತ್ತಿರ ಹೋಗಿ ಹೇಳಬೇಕು?

ಯಾವಾಗ ಹೇಳೋದು ಅಂತ ಎಲ್ಲರೂ ಕೇಳುತ್ತಾರೆ. ಯಾರು ಹೇಳೋದು ಅಂತ ಒಬ್ಬರೂ ಕೇಳಿಲ್ಲ. ಬರುವವರೆಲ್ಲ ಅಮ್ಮಂದಿರು. ಅಪ್ಪಂದಿರು ಬೀಡಾ ಹತ್ತಿರ ನಿಂತು ಷೇರು ಮಾರ್ಕೆಟ್ ಮಾತಾಡುತ್ತಿರುತ್ತಾರೆ. ‘ನಮ್ಮ ಯಜಮಾನ್ರಿಗೆ ಮುಜುಗರ ಟೀಚರ್.’ ಆಹಾ! ಇದೇ ಮುಂಬೈಯಲ್ಲಿ 1921ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದವರು ರಘುನಾಥ ಧೋಂಡೋ ಕರ್ವೆ. ಗಂಡಸು, ಅದೂ ಗಣಿತದ ಮೇಷ್ಟ್ರು. ಈ ವಿಚಾರಕ್ಕೇ ಕಾಲೇಜಿನ ಕೆಲಸ ಹೋಯಿತು. 1927ರಿಂದ ಮರಾಠಿಯಲ್ಲಿ ‘ಸಮಾಜಸ್ವಾಸ್ಥ್ಯ’ ಪತ್ರಿಕೆ ನಡೆಸಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆದರು. ಅಶ್ಲೀಲ ಅಂತ ಕೇಸು ಬಿತ್ತು. 1934ರಲ್ಲಿ ಅವರ ಪರ ವಾದಿಸಿದ್ದು ಅಂಬೇಡ್ಕರ್. ಕೇಸು ಸೋತರೂ 1953ರಲ್ಲಿ ಸಾಯುವವರೆಗೆ ಪತ್ರಿಕೆ ನಿಲ್ಲಿಸಲಿಲ್ಲ.

ನಿಮ್ಮ ಯಜಮಾನರ ಕೆಲಸಕ್ಕೇನೂ ಕುತ್ತು ಬರುವುದಿಲ್ಲ. ಮಗನಿಗೆ ದನಿ ಒಡೆದಾಗ, ರಾತ್ರಿ ಚಡ್ಡಿ ಒದ್ದೆಯಾಗಿ ಹೆದರಿದಾಗ ಅವನು ಅಮ್ಮನ ಹತ್ತಿರ ಬರುವುದು ಕಷ್ಟ. ಅಪ್ಪ ಬಾಯಿ ಬಿಡದಿದ್ದರೆ ಮೊಬೈಲನ್ನು ಕೇಳುತ್ತಾನೆ. ಅಲ್ಲಿ ಏನೇನು ಸಿಗುತ್ತದೆ ಅಂತ ಯಜಮಾನರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ, ಅಲ್ವಾ?

ಇನ್ನೂ ಅನುಮಾನ ಇದ್ದರೆ ರಾತ್ರಿ 9ರ ಮೇಲೆ ಫೋನ್ ಮಾಡಿ. ನೀವಲ್ಲ, ಅವರು.