ಒಂದೇ ನಿಮಿಷ ಮೇಡಂ

ಕಳೆದ ಡಿಸೆಂಬರ್‌ನಲ್ಲಿ ಮಗಳ ಸ್ಕೂಲ್ ಡೇ ಮೈಸೂರಿನ ಕಲಾಮಂದಿರದಲ್ಲಿ ನಡೆಯಿತು. ಅವಳು ನಾಲ್ಕನೇ ಕ್ಲಾಸು. ಬೀಸು ಕಂಸಾಳೆ ಕುಣಿತಕ್ಕೆ ಸೆಲೆಕ್ಟ್ ಆಗಿದ್ದಳು. ಒಂದೂವರೆ ತಿಂಗಳು ಮನೆಯಲ್ಲಿ ಝಣ್ ಝಣ್ ಬಿಟ್ಟರೆ ಬೇರೆ ಸದ್ದಿಲ್ಲ. ಕೆಳಗಿನ ಮನೆಯವರು ಒಂದು ಸಂಜೆ ಬಂದು, "ಏನ್ ಸಾರ್, ದಿನಾ ಮಂಗಳಾರತಿನಾ?" ಅಂತ ಕೇಳಿ ಹೋದರು.

ಕಂಸಾಳೆ ನೋಡೋದಕ್ಕೆ ಸಲೀಸು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಚಪ್ಪಟೆಯದನ್ನು ಬೀಸಿ ತಂದು ಬಟ್ಟಲಿಗೆ ಹೊಡೆಯಬೇಕು. ಮಹದೇಶ್ವರನ ಹೆಸರಲ್ಲಿ ದೀಕ್ಷೆ ಪಡೆದ ಗುಡ್ಡರು ತಲೆಯ ಮೇಲೆ, ಬೆನ್ನ ಹಿಂದೆ ಎಲ್ಲಿ ಬೀಸಿದರೂ ತಾಳ ತಪ್ಪಲ್ಲ. ಮಕ್ಕಳ ಕೈಗೆ ಕೊಟ್ಟರೆ ಕಥೆಯೇ ಬೇರೆ. ಒಬ್ಬಳು ಚೂರು ತಡ ಮಾಡಿದರೆ ಪಕ್ಕದವಳ ಕಿವಿಗೇ ಕಂಚು! ಅದಕ್ಕೇ ಅವರ ಮಿಸ್ಸು ಸ್ಟೇಜಿನ ಕೆಳಗೆ ಮಧ್ಯದಲ್ಲಿ ನಿಂತು ಕೈಯಲ್ಲೇ ಎಲ್ಲ ತೋರಿಸ್ತಾರೆ ಅಂತ ಮಗಳು ಮೊದಲೇ ಹೇಳಿದ್ದಳು. ನಾನು ಹೂಂ ಅಂದಿದ್ದೆ. ಕಿವಿಗೆ ಹಾಕಿಕೊಂಡಿರಲಿಲ್ಲ.

ನಾಡಗೀತೆಗೆ ಎಲ್ಲರೂ ಎದ್ದು ನಿಂತೆವು. ಅದನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಮುಗಿದ ಮೇಲೆ ಕೂರಬೇಕು ಅಂತ ಆದೇಶ ಇಲ್ಲವಲ್ಲ, ಮುಂದಿನ ಸಾಲುಗಳು ಕೂರಲೇ ಇಲ್ಲ. ಅಷ್ಟರಲ್ಲಿ ಯುಕೆಜಿ ಮಕ್ಕಳು ಮೊಲದ ಕಿವಿ ಕಟ್ಟಿಕೊಂಡು ಸ್ಟೇಜಿಗೆ ಬಂದಿದ್ದರು. ಎಲ್ಲರ ಮೊಬೈಲೂ ಮೇಲೆ ಹೋದವು. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಎರಡು ತಲೆಗಳ ಸಂದಿಯಲ್ಲಿ ಮೊಮ್ಮಗನನ್ನು ಹುಡುಕಿ ಹುಡುಕಿ ಸಾಕಾಗಿ, "ಬಿಳಿ ಮೊಲಾನಾ, ಕಂದು ಮೊಲಾನಾ?" ಅಂತ ಮಗನನ್ನು ಕೇಳುತ್ತಿದ್ದರು. ಅವನು ವಿಡಿಯೋ ಮಾಡುತ್ತಿದ್ದ. ಉತ್ತರ ಕೊಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಏನ್ ಜನಾನಪ್ಪ, ಸ್ವಲ್ಪಾನೂ ಬುದ್ಧಿ ಬೇಡ್ವಾ?" ಅಂದೆ. ಹೆಂಡತಿ ಸುಮ್ನಿರಿ ಅಂದಳು. ಮೊಲಗಳು ಒಳಗೆ ಹೋಗಿದ್ದೇ ತಡ, ನಿಂತವರು, ಕೂತವರು ಅಂತಿಲ್ಲದೆ ಅವರ ಅಪ್ಪ ಅಮ್ಮಂದಿರೆಲ್ಲ ಸೀದಾ ಬಾಗಿಲಿನ ಕಡೆ ಹೊರಟರು. ಸ್ಟೇಜಿನ ಮೇಲೆ ಒಬ್ಬ ಹುಡುಗ ಕೊಳಲು ನುಡಿಸೋದಕ್ಕೆ ಶುರು ಮಾಡಿದ್ದ. ಕುರ್ಚಿಗಳ ಸೀಟು ಪಟಪಟ ಅಂತ ಮಡಚಿಕೊಳ್ಳೋ ಸದ್ದಿನಲ್ಲಿ ಹಾಡಿನ ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ. ಆ ಹುಡುಗ ಒಮ್ಮೆ ನಿಲ್ಲಿಸಿ ಮತ್ತೆ ಮೊದಲಿಂದ ಊದಿದ. ಅದೇನು ಧೈರ್ಯವೋ, ನನಗಾಗಿದ್ದರೆ ಅಳುವೇ ಬರುತ್ತಿತ್ತು.

ಆಮೇಲೆ ಕಂಸಾಳೆ ಅಂತ ಅನೌನ್ಸ್ ಮಾಡಿದರು.

ಹನ್ನೆರಡು ಮಕ್ಕಳು. ಕೆಂಪು ರುಮಾಲು, ಕೊರಳಲ್ಲಿ ರುದ್ರಾಕ್ಷಿ, ಹಣೆ ತುಂಬ ವಿಭೂತಿ. ನನ್ನ ಮಗಳು ಎರಡನೇ ಸಾಲಿನಲ್ಲಿ. ನಾವು ಕೂತ ಜಾಗದಿಂದ ಮೊಬೈಲಿನಲ್ಲಿ ಅವಳು ಅಕ್ಕಿಕಾಳಿನಷ್ಟು ಕಂಡಳು. ಝೂಮ್ ಮಾಡಿದರೆ ಮುಖವೇ ಮಸುಕು. ಎದ್ದೆ. ಬಗ್ಗಿಕೊಂಡೇ ಹೋದೆ ಅಂತ ಈಗಲೂ ವಾದ ಮಾಡುತ್ತೇನೆ. ಆದರೆ ಸ್ಟೇಜಿನ ಮುಂದೆ ಹೋದ ಮೇಲೆ ಬಗ್ಗಿ ವಿಡಿಯೋ ಮಾಡೋದಕ್ಕೆ ಆಗಲ್ಲ ಅಲ್ವಾ? ಅಲ್ಲಿ ಆಗಲೇ ನಾಲ್ಕೈದು ಅಪ್ಪಂದಿರಿದ್ದರು. ಮಧ್ಯದಲ್ಲಿ ಒಂಚೂರು ಜಾಗ ಖಾಲಿ ಇತ್ತು. ನನ್ನ ಪುಣ್ಯ ಅಂದುಕೊಂಡು ನುಗ್ಗಿದೆ.

ಹಿಂದಿನಿಂದ ಯಾರೋ "ಸಾರ್, ಸಾರ್" ಅಂದರು. ತಿರುಗಿ ನೋಡದೆ "ಒಂದೇ ನಿಮಿಷ ಮೇಡಂ" ಅಂದೆ.

ಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ತಾಳ ಒಡೆಯಿತು. ಒಂದೇ ಝಣ್ ಬರಬೇಕಾದ ಕಡೆ ಮೂರು ನಾಲ್ಕು ಬಂದವು. ಯಾರ ಕಿವಿಗೂ ಏಟು ಬೀಳಲಿಲ್ಲ, ಅಷ್ಟೇ ಸಮಾಧಾನ. ನಾನು ಜೋರಾಗಿ ಚಪ್ಪಾಳೆ ಹೊಡೆದು ಬಂದು ಕೂತೆ.

ವಾಪಸ್ ಬರೋವಾಗ ಆಟೋದಲ್ಲಿ ಮಗಳು ಮಾತೇ ಆಡಲಿಲ್ಲ. ರಾತ್ರಿ ಅವಳ ಅಮ್ಮ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದಾಗ ಕೇಳಿದಳು. "ಅಪ್ಪ, ನೀನು ಯಾಕೆ ಬಂದು ಮಿಸ್ ಮುಂದೆ ನಿಂತ್ಕೊಂಡೆ?"

ಎಲ್ಲರೂ ಮಲಗಿದ ಮೇಲೆ ವಿಡಿಯೋ ಹಾಕಿದೆ. ಶುರುವಿನಲ್ಲೇ ಆ "ಸಾರ್, ಸಾರ್" ಇದೆ, ನನ್ನ "ಒಂದೇ ನಿಮಿಷ"ವೂ ಇದೆ. ಆಮೇಲೆ ಮಗಳು ಕತ್ತು ಎಡಕ್ಕೆ ವಾಲಿಸುತ್ತಾಳೆ, ಬಲಕ್ಕೆ ವಾಲಿಸುತ್ತಾಳೆ, ತುದಿಗಾಲಲ್ಲಿ ನಿಂತು ನೋಡುತ್ತಾಳೆ. ನನ್ನನ್ನೇ ಹುಡುಕುತ್ತಿದ್ದಾಳೆ ಅಂದುಕೊಂಡು ನಾನು ಆಗ ಕೈ ಬೀಸಿದ್ದೆ. ಆ ಕೈಯೂ ವಿಡಿಯೋದಲ್ಲಿ ಬಂದಿದೆ, ಅವಳ ಮುಖಕ್ಕೆ ಸರಿಯಾಗಿ ಅಡ್ಡವಾಗಿ.