ಸತುವಿನ ಕುಲುಮೆಗೆ ಪಾದರಸ ಎಲ್ಲಿಂದ ಬರುತ್ತದೆ?

ಸತು ತಯಾರಿಸುವ ಕಾರ್ಖಾನೆಯಲ್ಲಿ ಕುಲುಮೆಯ ಅನಿಲ ಶುದ್ಧಿ ಮಾಡುವ ವಿಭಾಗ ನನ್ನದು. ಹೊಸದಾಗಿ ಸೇರಿದವರು ಕೇಳುತ್ತಾರೆ: ತರಿಸುವುದು ಸತುವಿನ ಅದಿರು, ಇಲ್ಲಿ ಪಾದರಸಕ್ಕೇನು ಕೆಲಸ? ಇದಕ್ಕೆ ಉತ್ತರ ಗೊತ್ತಿದ್ದವರಿಗೆ ಎಲ್ಲಿ ಹುಷಾರಾಗಿರಬೇಕು ಅನ್ನುವುದೂ ಗೊತ್ತಿರುತ್ತದೆ.

ಪಾದರಸ ಹೆಚ್ಚಾಗಿ ಸಿಗುವುದು ಗಂಧಕದ ಜೊತೆ ಸೇರಿದ ಇಂಗಳೀಕದಲ್ಲಿ. ಕೆಂಪು ಅದಿರು ಅದು. ಭೂಮಿಯ ಆಳದಿಂದ ಮೇಲೇರಿದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಅದನ್ನು ಬಿಟ್ಟುಹೋಗಿರುತ್ತದೆ. ಸ್ಪೇನಿನ ಅಲ್ಮಾದೆನ್‌ನಲ್ಲಿ 2000 ವರ್ಷಕ್ಕೂ ಹೆಚ್ಚು ಕಾಲ ಅಗೆದರು. ಸ್ಲೊವೇನಿಯಾದ ಇದ್ರಿಯಾದಲ್ಲಿ ಸಿಕ್ಕಿದ್ದು 1490ರಲ್ಲಿ. ಪೆರುವಿನ ಹುವಾಂಕವೆಲಿಕಾದಲ್ಲಿ ಸ್ಪೇನಿನ ಆಳ್ವಿಕೆಯವರು ಬೆಳ್ಳಿ ತೆಗೆಯಲು ಬೇಕಾದ ಪಾದರಸಕ್ಕಾಗಿ ಅಲ್ಲಿನ ಮೂಲನಿವಾಸಿಗಳನ್ನು ಬಲವಂತವಾಗಿ ಗಣಿಗೆ ಇಳಿಸಿದರು. ವಿಷದ ಆವಿಗೆ, ಧೂಳಿಗೆ ಎಷ್ಟೋ ಜನ ಸತ್ತರು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ತೆಗೆಯುವ ವಿಧಾನ ಸರಳ. ಇಂಗಳೀಕವನ್ನು ಪುಡಿ ಮಾಡಿ ಸುಮಾರು 600 ಡಿಗ್ರಿಯಲ್ಲಿ ಹುರಿಯುತ್ತಾರೆ. ಗಂಧಕ ಸುಟ್ಟುಹೋಗುತ್ತದೆ. 357 ಡಿಗ್ರಿಗೇ ಕುದಿಯುವ ಪಾದರಸ ಆವಿಯಾಗಿ ಮೇಲೇಳುತ್ತದೆ. ಆ ಆವಿಯನ್ನು ತಂಪು ಕೊಳವೆಗಳಲ್ಲಿ ಹಾಯಿಸಿದರೆ ಹನಿಗಟ್ಟುತ್ತದೆ.

ಈಗ ನಮ್ಮ ಕುಲುಮೆ ನೋಡಿ. ಸತುವಿನ ಅದಿರಲ್ಲೂ ಗಂಧಕ ಇದೆ, ಒಂಚೂರು ಪಾದರಸವೂ ಇರುತ್ತದೆ. ನಾವು ಹುರಿಯುವುದು 900 ಡಿಗ್ರಿಯ ಆಸುಪಾಸಿನಲ್ಲಿ. ಬೇಡ ಅಂದರೂ ಪಾದರಸದ ಗಣಿಯವರು ಮಾಡುವ ಕೆಲಸವನ್ನೇ ನಾವೂ ಮಾಡುತ್ತಿದ್ದೇವೆ, ಅಲ್ವಾ? ಹುರಿಯುವಾಗ ಏಳುವ ಅನಿಲದಿಂದ ಸಲ್ಫ್ಯೂರಿಕ್ ಆಮ್ಲ ಮಾಡುವ ಮೊದಲು ಅದನ್ನು ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ತೊಳೆಯುತ್ತೇವೆ. ಪಾದರಸ ಕ್ಯಾಲೊಮೆಲ್ ಅನ್ನುವ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಪಾದರಸದ ಬಳಕೆಗೆ ಕಡಿವಾಣ ಹಾಕಲು ದೇಶಗಳು ಮಾಡಿಕೊಂಡ, 2017ರಲ್ಲಿ ಜಾರಿಯಾದ ಮಿನಮಾಟಾ ಒಪ್ಪಂದದ ಪ್ರಕಾರ ಹೊಸ ಪಾದರಸದ ಗಣಿ ತೆರೆಯುವಂತಿಲ್ಲ, ಹಳೆಯವನ್ನೂ 15 ವರ್ಷದೊಳಗೆ ಮುಚ್ಚಬೇಕು. ಆದರೆ ಸತುವಿನ ಜೊತೆ ಬರುವ ಪಾದರಸ ಬರುತ್ತಲೇ ಇರುತ್ತದೆ.

ರಿಪೇರಿಗೆ ನಿಲ್ಲಿಸಿದಾಗ ಎಲ್ಲರೂ ಹೆದರುವುದು ಬಿಸಿ ಕುಲುಮೆಗೆ. ಪಾದರಸ ಕೂತಿರುವುದು ಅನಿಲ ತಣ್ಣಗಾಗುವ ಕಡೆ. ಕೂಲರ್ ಮುಚ್ಚಳ ತೆಗೆದರೆ ತಳದಲ್ಲಿ ಬರೀ ಬೂದು ಕೆಸರು ಕಾಣುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಸಾಸಿವೆಗಿಂತ ಸಣ್ಣ ಮಣಿಗಳು ಮಿನುಗುತ್ತವೆ. ಕೆದಕಿದರೆ ಒಂದಕ್ಕೊಂದು ಕೂಡಿಕೊಂಡು ಉರುಳುತ್ತವೆ. ಅದರ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಮೂಗನ್ನು ನಂಬಬೇಡಿ, ಮೊದಲು ಪಾದರಸದ ಆವಿ ಅಳೆಯುವ ಮೀಟರ್ ಒಳಗೆ ಇಳಿಸಿ ನೋಡಿ. ಧೂಳಿನ ಮಾಸ್ಕ್ ಇಲ್ಲಿ ಏನೂ ತಡೆಯುವುದಿಲ್ಲ, ಪಾದರಸದ ಆವಿಗೆಂದೇ ಮಾಡಿದ ಫಿಲ್ಟರ್ ಬೇಕು. ಒಣ ಪೊರಕೆ ಹಾಕಬೇಡಿ. ಎಲ್ಲಕ್ಕಿಂತ ಜಾಸ್ತಿ ಅಪಾಯ ಗ್ಯಾಸ್ ಕಟ್ಟರ್‌ನದು. ಒಳಗೆ ಪಾದರಸ ಉಳಿದ ಪೈಪಿಗೆ ಅದನ್ನು ಹಿಡಿದರೆ, ಕತ್ತರಿಸುವವನ ಮುಖದ ಮುಂದೆಯೇ ಪಾದರಸ ಆವಿಯಾಗಿ ಏಳುತ್ತದೆ. ತೊಳೆದು, ಮೀಟರ್ ನೋಡಿ, ಆಮೇಲಷ್ಟೇ ನಾನು ಕಟ್ಟಿಂಗ್ ಪರ್ಮಿಟ್‌ಗೆ ಸಹಿ ಹಾಕುತ್ತೇನೆ. ಉತ್ಪಾದನೆಯವರು ಎಷ್ಟೇ ಅವಸರ ಮಾಡಲಿ.